ಪೆಟ್ರೋಲ್ ದುಬಾರಿಯಾಗಿರುವುದಕ್ಕೆ ತೈಲ ಕಂಪನಿಗಳೇ ಕಾರಣವೇ? ಒಂದು ಲೀಟರ್‌ನ ಪೂರ್ತಿ ಲೆಕ್ಕ ಇಲ್ಲಿದೆ

"ಕಚ್ಚಾ ತೈಲ ಅಗ್ಗವಾಗಿದೆ, ಆದರೂ ಪೆಟ್ರೋಲ್ ನೂರು ರೂಪಾಯಿ. ತೈಲ ಕಂಪನಿಗಳು ನಮ್ಮನ್ನು ಲೂಟಿ ಮಾಡುತ್ತಿವೆ. ಎಲ್ಲರಿಗೂ ಶೇರ್ ಮಾಡಿ." ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರುತ್ತದೆ. ಕೆಲವದರಲ್ಲಿ ಬ್ಯಾರಲ್ ಲೆಕ್ಕ ಇರುತ್ತದೆ, ಕೆಲವದರಲ್ಲಿ ಹಳೆಯ ಬೆಲೆ ಮತ್ತು ಹೊಸ ಬೆಲೆಯ ಪಟ್ಟಿ. ಇನ್ನು ಕೆಲವು "ಇಂಥ ದಿನ ಯಾರೂ ಪೆಟ್ರೋಲ್ ಹಾಕಿಸಬೇಡಿ" ಎಂದು ಕರೆ ಕೊಡುತ್ತವೆ.

ಸಿಟ್ಟು ಸಹಜವೇ. ದಿನವಿಡೀ ಬೈಕ್ ಓಡಿಸಿ ಊಟ ತಲುಪಿಸುವ ಹುಡುಗರಿಗೆ, ಟ್ರ್ಯಾಕ್ಟರ್‌ಗೆ ಡೀಸೆಲ್ ಹಾಕಿಸುವ ರೈತರಿಗೆ, ಲಾರಿ ಬಾಡಿಗೆ ಏರಿದಾಗ ತರಕಾರಿಗೆ ಹೆಚ್ಚು ಕೊಡುವ ನಮ್ಮೆಲ್ಲರಿಗೂ ಇದು ಜೇಬಿನ ಪ್ರಶ್ನೆ. ಆದರೆ ಸಿಟ್ಟು ಯಾರ ಮೇಲೆ ಇರಬೇಕು ಎಂಬುದು ಲೆಕ್ಕ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಚುಟುಕಾಗಿ ಹೇಳುವುದಾದರೆ: ಈ ಸಂದೇಶದಲ್ಲಿ ಅರ್ಧ ಸತ್ಯವಿದೆ. ಕಂಪನಿಗಳು ಕೆಲವು ವರ್ಷ ಭಾರಿ ಲಾಭ ಮಾಡಿದ್ದು ನಿಜ, ಕಚ್ಚಾ ತೈಲ ಇಳಿದಾಗ ಬೆಲೆ ಇಳಿಸದೆ ಕುಳಿತಿದ್ದೂ ನಿಜ. ಆದರೆ ನೀವು ಕೊಡುವ ಹಣದಲ್ಲಿ ಅವುಗಳ ಲಾಭದ ಪಾಲು ಸಣ್ಣದು. ಕಚ್ಚಾ ತೈಲವನ್ನು ಬಿಟ್ಟರೆ ದೊಡ್ಡ ಪಾಲು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ತೆರಿಗೆಯದು. ಆ ಕಂಪನಿಗಳ ಮುಖ್ಯ ಮಾಲೀಕರೂ ಸರ್ಕಾರವೇ.

103 ರೂಪಾಯಿ ಯಾರ್ಯಾರಿಗೆ ಹೋಗುತ್ತದೆ?

2025ರ ಮಧ್ಯಭಾಗದ ಬೆಂಗಳೂರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಆಗ ಲೀಟರ್ ಪೆಟ್ರೋಲ್‌ಗೆ ಸುಮಾರು 103 ರೂಪಾಯಿ ಇತ್ತು. ಅದನ್ನು ಬಿಡಿಸಿ ನೋಡಿದರೆ ಲೆಕ್ಕ ಹೆಚ್ಚುಕಡಿಮೆ ಹೀಗಿರುತ್ತದೆ:

• ತೈಲ ಕಂಪನಿಗೆ (ಕಚ್ಚಾ ತೈಲ, ಸಂಸ್ಕರಣೆ, ಸಾಗಣೆ, ಲಾಭ ಎಲ್ಲ ಸೇರಿ): ಸುಮಾರು 54 ರೂಪಾಯಿ
• ಕೇಂದ್ರ ಸರ್ಕಾರದ ಅಬಕಾರಿ ಸುಂಕ: 21 ರೂಪಾಯಿ 90 ಪೈಸೆ
• ಕರ್ನಾಟಕದ ಮಾರಾಟ ತೆರಿಗೆ: ಸುಮಾರು 23 ರೂಪಾಯಿ
• ಬಂಕ್ ಮಾಲೀಕರ ಕಮಿಷನ್: 4 ರೂಪಾಯಿ ಚಿಲ್ಲರೆ

ಅಂದರೆ ಎರಡೂ ಸರ್ಕಾರಗಳಿಗೆ ಸೇರಿ ಸುಮಾರು 45 ರೂಪಾಯಿ. ಸಾವಿರ ರೂಪಾಯಿಗೆ ಪೆಟ್ರೋಲ್ ಹಾಕಿಸಿದರೆ ಅದರಲ್ಲಿ 430 ರೂಪಾಯಿಗೂ ಹೆಚ್ಚು ತೆರಿಗೆಗೇ ಹೋಗುತ್ತಿತ್ತು.

ಬಂಕ್‌ನವರನ್ನು ಬೈಯುವ ಸಂದೇಶಗಳೂ ಬರುತ್ತವೆ. ಬೆಲೆ ನಿಗದಿ ಅವರ ಕೈಯಲ್ಲಿಲ್ಲ. ಆ ನಾಲ್ಕು ರೂಪಾಯಿಯಲ್ಲೇ ಅವರು ಹುಡುಗರ ಸಂಬಳ, ಕರೆಂಟ್ ಬಿಲ್, ಆವಿಯಾಗಿ ಹೋಗುವ ಪೆಟ್ರೋಲ್‌ನ ನಷ್ಟ ಎಲ್ಲವನ್ನೂ ತೂಗಿಸಬೇಕು. ಅಳತೆಯಲ್ಲಿ ಮೋಸ ಮಾಡಿದರೆ ದೂರು ಕೊಡಿ, ಅದು ಬೇರೆ ವಿಷಯ.

"ಒಂದು ಬ್ಯಾರಲ್‌ಗೆ 159 ಲೀಟರ್" ಎಂಬ ಲೆಕ್ಕ ಸರಿಯೇ?

ಇದು ಅತಿ ಹೆಚ್ಚು ಹರಿದಾಡುವ ಲೆಕ್ಕ. ಬ್ಯಾರಲ್ ಕಚ್ಚಾ ತೈಲಕ್ಕೆ 68 ಡಾಲರ್, ಡಾಲರ್‌ಗೆ 86 ರೂಪಾಯಿ ಎಂದಿಟ್ಟುಕೊಂಡರೆ ಬ್ಯಾರಲ್‌ಗೆ 5,848 ರೂಪಾಯಿ. 159ರಿಂದ ಭಾಗಿಸಿದರೆ ಲೀಟರ್‌ಗೆ ಸುಮಾರು 37 ರೂಪಾಯಿ. "ಹಾಗಾದರೆ ಪೆಟ್ರೋಲ್ 37 ರೂಪಾಯಿಗೆ ಏಕೆ ಸಿಗುವುದಿಲ್ಲ?" ಎಂದು ಸಂದೇಶ ಕೇಳುತ್ತದೆ.

ಗುಣಾಕಾರ, ಭಾಗಾಕಾರ ಸರಿಯಾಗಿದೆ. ತಪ್ಪಿರುವುದು ಕಚ್ಚಾ ತೈಲವನ್ನೇ ಪೆಟ್ರೋಲ್ ಎಂದುಕೊಂಡಿರುವುದರಲ್ಲಿ. ಭತ್ತದ ಬೆಲೆಗೆ ಅನ್ನ ಸಿಗುವುದಿಲ್ಲವಲ್ಲ, ಹಾಗೆಯೇ ಇದೂ. ಕಚ್ಚಾ ತೈಲ ಹಡಗಿನಲ್ಲಿ ಬರಬೇಕು, ಅದಕ್ಕೆ ಬಾಡಿಗೆ ಮತ್ತು ವಿಮೆ ಕಟ್ಟಬೇಕು. ಸಂಸ್ಕರಣಾಗಾರದಲ್ಲಿ ಅದನ್ನು ಕಾಯಿಸಿ ಬೇರ್ಪಡಿಸಬೇಕು. ಒಂದು ಬ್ಯಾರಲ್ ಪೂರ್ತಿ ಪೆಟ್ರೋಲ್ ಆಗುವುದಿಲ್ಲ. ಅದರಿಂದ ಡೀಸೆಲ್, ಅಡುಗೆ ಅನಿಲ, ವಿಮಾನದ ಇಂಧನ, ಡಾಂಬರು ಎಲ್ಲವೂ ಬರುತ್ತವೆ. ಬೆಂಗಳೂರಿಗೆ ಬರುವ ಇಂಧನದ ಒಂದು ಭಾಗ ಮಂಗಳೂರಿನಿಂದ ಹಾಸನದ ಮೂಲಕ ಕೊಳವೆ ಮಾರ್ಗದಲ್ಲಿ ಬರುತ್ತದೆ. ಅಲ್ಲಿಂದ ಟ್ಯಾಂಕರ್‌ನಲ್ಲಿ ಬಂಕ್‌ಗೆ ಹೋಗಬೇಕು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನಮ್ಮ ಕಂಪನಿಗಳು ಬೆಲೆ ಲೆಕ್ಕ ಹಾಕುವಾಗ ಕಚ್ಚಾ ತೈಲದ ಬೆಲೆಗಿಂತ ಹೆಚ್ಚಾಗಿ ನೋಡುವುದು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಸಿದ್ಧ ಪೆಟ್ರೋಲ್ ಮತ್ತು ಡೀಸೆಲ್ ಏನು ಬೆಲೆಗೆ ಮಾರಾಟವಾಗುತ್ತಿದೆ ಎಂಬುದನ್ನು. ಕಚ್ಚಾ ತೈಲ ಸಾಕಷ್ಟಿದ್ದರೂ ಜಗತ್ತಿನಲ್ಲಿ ಸಂಸ್ಕರಣಾಗಾರಗಳು ಸಾಲದೆ ಹೋದರೆ ಸಿದ್ಧ ಪೆಟ್ರೋಲ್ ತುಟ್ಟಿಯಾಗುತ್ತದೆ. 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧದ ಸಮಯದಲ್ಲಿ ಆದದ್ದು ಇದೇ. ಹಾಗಾಗಿ ಕಚ್ಚಾ ತೈಲ ಶೇ 10ರಷ್ಟು ಇಳಿದರೆ ಬಂಕ್‌ನಲ್ಲಿ ಶೇ 10ರಷ್ಟು ಇಳಿಯುವುದಿಲ್ಲ. ತೆರಿಗೆ, ಸಾಗಣೆ, ಕಮಿಷನ್ ಇವೆಲ್ಲ ಅದರ ಜತೆ ಇಳಿಯುವುದಿಲ್ಲವಲ್ಲ.

"ಆಗ ಕಚ್ಚಾ ತೈಲ 107 ಡಾಲರ್ ಇದ್ದಾಗಲೂ ಪೆಟ್ರೋಲ್ 71 ರೂಪಾಯಿ ಇತ್ತು"

ಇದೂ ನಿಜವೇ. 2014ರ ಮೇ ತಿಂಗಳಲ್ಲಿ ಭಾರತ ಕೊಳ್ಳುವ ಕಚ್ಚಾ ತೈಲದ ಸರಾಸರಿ ಬೆಲೆ ಸುಮಾರು 107 ಡಾಲರ್ ಇತ್ತು. ದೆಹಲಿಯಲ್ಲಿ ಪೆಟ್ರೋಲ್ ಸುಮಾರು 71 ರೂಪಾಯಿ. 2025ರ ಮಧ್ಯದಲ್ಲಿ ಕಚ್ಚಾ ತೈಲ 70 ಡಾಲರ್‌ನ ಆಸುಪಾಸು, ದೆಹಲಿಯಲ್ಲಿ ಪೆಟ್ರೋಲ್ 94 ರೂಪಾಯಿ 77 ಪೈಸೆ. ಇದು ಹೇಗೆ?

ಮೊದಲು ರೂಪಾಯಿಯನ್ನು ನೋಡಬೇಕು. 2014ರಲ್ಲಿ ಡಾಲರ್‌ಗೆ 59 ರೂಪಾಯಿಯಷ್ಟಿತ್ತು. ಆಗ ಒಂದು ಲೀಟರ್ ಕಚ್ಚಾ ತೈಲಕ್ಕೆ ನಾವು ಕೊಡುತ್ತಿದ್ದದ್ದು ಸುಮಾರು 40 ರೂಪಾಯಿ. 2025ರಲ್ಲಿ ಡಾಲರ್‌ಗೆ 86 ರೂಪಾಯಿ, ಲೀಟರ್‌ಗೆ ಸುಮಾರು 37 ರೂಪಾಯಿ. ಡಾಲರ್‌ನಲ್ಲಿ ಬೆಲೆ ಮೂರನೇ ಒಂದರಷ್ಟು ಬಿದ್ದಿದ್ದರೂ ರೂಪಾಯಿ ಲೆಕ್ಕದಲ್ಲಿ ಉಳಿದದ್ದು ಲೀಟರ್‌ಗೆ ಮೂರೇ ರೂಪಾಯಿ. ಡಾಲರ್ ಬೆಲೆಯನ್ನು ಮಾತ್ರ ತೋರಿಸುವ ಸಂದೇಶಗಳು ಈ ಭಾಗವನ್ನು ಬಿಟ್ಟುಬಿಡುತ್ತವೆ.

ಆದರೂ ದೆಹಲಿಯಲ್ಲಿ ಬೆಲೆ 23 ರೂಪಾಯಿಯಷ್ಟು ಏರಿದೆಯಲ್ಲ? ಅಲ್ಲಿ ತೆರಿಗೆ ಬರುತ್ತದೆ. 2014ರ ಏಪ್ರಿಲ್‌ನಲ್ಲಿ ಪೆಟ್ರೋಲ್ ಮೇಲಿನ ಕೇಂದ್ರದ ಸುಂಕ 9 ರೂಪಾಯಿ 48 ಪೈಸೆ ಇತ್ತು. 2025ರ ಏಪ್ರಿಲ್‌ನ ಹೊತ್ತಿಗೆ 21 ರೂಪಾಯಿ 90 ಪೈಸೆ ಆಗಿತ್ತು. ಇದರ ಮೇಲೆ ದೆಹಲಿಯ ವ್ಯಾಟ್ ಕೂಡ ಮೂರು ರೂಪಾಯಿಗೂ ಹೆಚ್ಚು ಏರಿದೆ. ಏರಿದ 23 ರೂಪಾಯಿಯಲ್ಲಿ ಸುಮಾರು ಮೂರನೇ ಎರಡರಷ್ಟು ತೆರಿಗೆಯೇ. ಉಳಿದದ್ದು ಕಂಪನಿಗಳ ದರ ಮತ್ತು ಬಂಕ್ ಕಮಿಷನ್.

2008ರ ಜುಲೈನಲ್ಲಿ ಕಚ್ಚಾ ತೈಲ 147 ಡಾಲರ್ ಮುಟ್ಟಿದಾಗ ದೆಹಲಿಯಲ್ಲಿ ಪೆಟ್ರೋಲ್ 50 ರೂಪಾಯಿ ಇತ್ತು ಎಂಬ ಸಂದೇಶವೂ ಓಡಾಡುತ್ತದೆ. ಅದೂ ಸುಳ್ಳಲ್ಲ. ಆದರೆ ಆಗ ಬೆಲೆಯನ್ನು ಸರ್ಕಾರವೇ ಕಟ್ಟಿಹಾಕಿತ್ತು. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಅಡುಗೆ ಅನಿಲಗಳನ್ನು ಕಡಿಮೆ ಬೆಲೆಗೆ ಮಾರಿದ್ದರಿಂದ 2008-09ರಲ್ಲಿ ಕಂಪನಿಗಳಿಗೆ ಬರಬೇಕಾಗಿದ್ದ 1 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಹಣ ಗ್ರಾಹಕರಿಂದ ಬರಲಿಲ್ಲ. ಬಂಕ್‌ನಲ್ಲಿ ಕೊಡದ ಆ ಹಣದ ಒಂದು ಭಾಗವನ್ನು ನಾವು ಬೇರೆ ದಾರಿಯಲ್ಲಿ, ತೆರಿಗೆದಾರರಾಗಿ, ಕೊಟ್ಟೆವು.

ಹಾಗಾದರೆ ಕಂಪನಿಗಳು ಅಮಾಯಕವೇ?

ಅಲ್ಲ. ದೇಶದ ಬಂಕ್‌ಗಳಲ್ಲಿ ಸುಮಾರು ಶೇ 90ರಷ್ಟು ಮಾರಾಟ ಮೂರು ಕಂಪನಿಗಳ ಕೈಯಲ್ಲಿದೆ: ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ ಮತ್ತು ಹಿಂದುಸ್ತಾನ್ ಪೆಟ್ರೋಲಿಯಂ. ಇವುಗಳ ನಿವ್ವಳ ಲಾಭ ಹೇಗೆ ಏರಿಳಿದಿದೆ ನೋಡಿ.

2022ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ಮೂರೂ ಕಂಪನಿಗಳಿಗೆ ಸೇರಿ 18,000 ಕೋಟಿ ರೂಪಾಯಿಗೂ ಹೆಚ್ಚು ನಷ್ಟವಾಯಿತು. ಯುದ್ಧದಿಂದ ತೈಲ ದುಬಾರಿಯಾದರೂ ಬಂಕ್‌ನಲ್ಲಿ ಬೆಲೆ ಏರಿಸಿರಲಿಲ್ಲ. ನಂತರ ಕಚ್ಚಾ ತೈಲ ಇಳಿಯಿತು. ಬಂಕ್ ಬೆಲೆ ಮಾತ್ರ ಇಳಿಯಲಿಲ್ಲ. 2022ರ ಏಪ್ರಿಲ್ 6ರಿಂದ 2024ರ ಮಾರ್ಚ್‌ವರೆಗೆ, ಸುಮಾರು ಎರಡು ವರ್ಷ, ಕಂಪನಿಗಳು ತಮ್ಮ ಕಡೆಯಿಂದ ದರ ಬದಲಿಸಲೇ ಇಲ್ಲ. ಅದರ ಫಲ 2023-24ರ ಲೆಕ್ಕಪತ್ರದಲ್ಲಿ ಕಂಡಿತು. ಮೂರೂ ಕಂಪನಿಗಳ ಲಾಭ ಸೇರಿ ಸುಮಾರು 81,000 ಕೋಟಿ ರೂಪಾಯಿ. ಮರುವರ್ಷ, 2024-25ರಲ್ಲಿ, ಅದು ಸುಮಾರು 33,600 ಕೋಟಿಗೆ ಇಳಿಯಿತು.

81,000 ಕೋಟಿ ಎಂದರೆ ಕಣ್ಣು ಕುಕ್ಕುವ ಅಂಕಿ. ಅದನ್ನು ಲೀಟರ್‌ಗೆ ಇಳಿಸಿ ನೋಡೋಣ. ಆ ವರ್ಷ ದೇಶದಲ್ಲಿ ಬಳಕೆಯಾದ ಪೆಟ್ರೋಲ್ ಮತ್ತು ಡೀಸೆಲ್ ಸೇರಿ ಸುಮಾರು 16,000 ಕೋಟಿ ಲೀಟರ್. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಈ ಮೂರು ಕಂಪನಿಗಳೇ ಮಾರಿವೆ, ಅವುಗಳ ಇಡೀ ಲಾಭವೂ ಇದರಿಂದಲೇ ಬಂದಿದೆ ಎಂದುಕೊಂಡರೂ ಲೀಟರ್‌ಗೆ 5ರಿಂದ 6 ರೂಪಾಯಿ ಆಗುತ್ತದೆ. ಅವು ವಿಮಾನದ ಇಂಧನ, ಪ್ಲಾಸ್ಟಿಕ್‌ನ ಕಚ್ಚಾ ವಸ್ತು, ಲೂಬ್ರಿಕೆಂಟ್ ಎಲ್ಲವನ್ನೂ ಮಾರುತ್ತವೆ, ಹಾಗಾಗಿ ನಿಜವಾದ ಅಂಕಿ ಇದಕ್ಕಿಂತ ಕಡಿಮೆಯೇ ಇರಬಹುದು. 2024-25ರ ಲಾಭವನ್ನು ಹೀಗೆಯೇ ಹಂಚಿದರೆ ಲೀಟರ್‌ಗೆ ಎರಡು ರೂಪಾಯಿಯ ಆಸುಪಾಸು.

ಅತ್ಯುತ್ತಮ ವರ್ಷದಲ್ಲಿ 5-6 ರೂಪಾಯಿ, ಸಾಮಾನ್ಯ ವರ್ಷದಲ್ಲಿ ಎರಡು ರೂಪಾಯಿ. ಇದನ್ನು 45 ರೂಪಾಯಿ ತೆರಿಗೆಯ ಪಕ್ಕದಲ್ಲಿಟ್ಟು ನೋಡಿ. ಕಂಪನಿಗಳು ಒಂದು ಪೈಸೆ ಲಾಭವಿಲ್ಲದೆ ಮಾರಿದರೂ ಬೆಂಗಳೂರಿನಲ್ಲಿ ಪೆಟ್ರೋಲ್ 95 ರೂಪಾಯಿಗಿಂತ ಬಹಳ ಕೆಳಗೆ ಇಳಿಯುತ್ತಿರಲಿಲ್ಲ.

ಹಾಗೆಂದು ಆ ಐದು ರೂಪಾಯಿಯನ್ನು ಕಡೆಗಣಿಸಬೇಕಿಲ್ಲ. ತಿಂಗಳಿಗೆ 60 ಲೀಟರ್ ಸುಡುವ ಬೈಕ್ ಸವಾರನಿಗೆ ಅದು 300 ರೂಪಾಯಿ. ನಷ್ಟವಾದಾಗ "ಸರಿದೂಗಿಸಿಕೊಳ್ಳಬೇಕು" ಎನ್ನುವ ಕಂಪನಿಗಳು, ಅದು ಸರಿದೂಗಿದ ಮೇಲೂ ಇಳಿಸದೇ ಇದ್ದದ್ದು ಏಕೆ ಎಂದು ಕೇಳುವುದು ನ್ಯಾಯವಾದ ಪ್ರಶ್ನೆಯೇ.

ಬೆಲೆ ನಿರ್ಧರಿಸುವುದು ನಿಜವಾಗಿ ಯಾರು?

ಕಾಗದದ ಮೇಲೆ, ಕಂಪನಿಗಳು. ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರದ ನಿಯಂತ್ರಣ 2010ರ ಜೂನ್‌ನಲ್ಲಿ, ಡೀಸೆಲ್‌ನದು 2014ರ ಅಕ್ಟೋಬರ್‌ನಲ್ಲಿ ಹೋಯಿತು. 2017ರ ಜೂನ್ 16ರಿಂದ ದೇಶದಾದ್ಯಂತ ದಿನವೂ ಬೆಳಿಗ್ಗೆ ದರ ಪರಿಷ್ಕರಣೆ ಜಾರಿಗೆ ಬಂತು. ಅಂತರರಾಷ್ಟ್ರೀಯ ಬೆಲೆ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ ಎಂಬುದು ಆಗ ಕೊಟ್ಟ ಮಾತು.

ನಡೆದದ್ದು ಬೇರೆ. 2018ರ ಕರ್ನಾಟಕ ವಿಧಾನಸಭಾ ಚುನಾವಣೆ ನೆನಪಿಸಿಕೊಳ್ಳಿ. ಮೇ 12ರಂದು ಮತದಾನ. ಅದಕ್ಕೆ ಮುಂಚೆ ಏಪ್ರಿಲ್ ಕೊನೆಯ ವಾರದಿಂದ 19 ದಿನ ದರ ಅಲುಗಾಡಲಿಲ್ಲ. ಮೇ 14ರಿಂದ ಮತ್ತೆ ಏರತೊಡಗಿತು. 2021ರ ನವೆಂಬರ್‌ನಿಂದ 2022ರ ಮಾರ್ಚ್ 21ರವರೆಗೆ, ಉತ್ತರ ಪ್ರದೇಶ ಸೇರಿ ಐದು ರಾಜ್ಯಗಳ ಚುನಾವಣೆಯ ಅವಧಿಯಲ್ಲಿ, ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಕಂಪನಿಗಳು ದರ ಮುಟ್ಟಲಿಲ್ಲ. ಫಲಿತಾಂಶ ಬಂದ ಮೇಲೆ 16 ದಿನಗಳಲ್ಲಿ 14 ಬಾರಿ ಏರಿಸಿ ಲೀಟರ್‌ಗೆ 10 ರೂಪಾಯಿ ಹೆಚ್ಚಿಸಿದವು. 2024ರ ಲೋಕಸಭಾ ಚುನಾವಣೆ ಘೋಷಣೆಯಾಗುವ ಹೊಸ್ತಿಲಲ್ಲಿ ಎರಡು ರೂಪಾಯಿ ಇಳಿಯಿತು.

ಇದಕ್ಕೂ ಚುನಾವಣೆಗೂ ಸಂಬಂಧವಿಲ್ಲ ಎಂದೇ ಸರ್ಕಾರ ಮತ್ತು ಕಂಪನಿಗಳು ಹೇಳುತ್ತಾ ಬಂದಿವೆ. ದಿನಾಂಕಗಳು ನಿಮ್ಮ ಮುಂದಿವೆ. ಒಂದು ವಿಷಯ ಮಾತ್ರ ನೆನಪಿರಲಿ: ಇಂಡಿಯನ್ ಆಯಿಲ್ ಮತ್ತು ಭಾರತ್ ಪೆಟ್ರೋಲಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು ಷೇರು ಕೇಂದ್ರ ಸರ್ಕಾರದ್ದು. ಹಿಂದುಸ್ತಾನ್ ಪೆಟ್ರೋಲಿಯಂ ಸರ್ಕಾರಿ ಸ್ವಾಮ್ಯದ ಒಎನ್‌ಜಿಸಿಯ ಕೈಯಲ್ಲಿದೆ. ಕಂಪನಿ ಲಾಭ ಮಾಡಿದರೆ ಲಾಭಾಂಶದ ರೂಪದಲ್ಲಿ ದೊಡ್ಡ ಪಾಲು ಸರ್ಕಾರಕ್ಕೇ ಬರುತ್ತದೆ. ಹಾಗಾಗಿ "ಕಂಪನಿಗಳು ಲೂಟಿ ಮಾಡುತ್ತಿವೆ, ಸರ್ಕಾರ ಏನೂ ಮಾಡಲಾಗುತ್ತಿಲ್ಲ" ಎಂಬ ಮಾತು ನಿಲ್ಲುವುದಿಲ್ಲ.

ಕಚ್ಚಾ ತೈಲ 20 ಡಾಲರ್‌ಗೆ ಬಿದ್ದಾಗ ಏನಾಯಿತು?

2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್‌ನಿಂದ ಜಗತ್ತೇ ನಿಂತಿತ್ತು. ಭಾರತ ಕೊಳ್ಳುವ ಕಚ್ಚಾ ತೈಲ ಸರಾಸರಿ 20 ಡಾಲರ್‌ಗೆ ಬಿತ್ತು. ಬಂಕ್‌ನಲ್ಲಿ ಪೆಟ್ರೋಲ್ ಬಹಳ ಅಗ್ಗವಾಗಬೇಕಿತ್ತು, ಆಗಲಿಲ್ಲ. ಮಾರ್ಚ್‌ನಲ್ಲಿ ಲೀಟರ್‌ಗೆ 3 ರೂಪಾಯಿ, ಮೇ ತಿಂಗಳಲ್ಲಿ ಪೆಟ್ರೋಲ್‌ಗೆ 10 ಮತ್ತು ಡೀಸೆಲ್‌ಗೆ 13 ರೂಪಾಯಿ ಕೇಂದ್ರದ ಸುಂಕ ಏರಿತು. ಪೆಟ್ರೋಲ್ ಮೇಲಿನ ಸುಂಕ 32 ರೂಪಾಯಿ 98 ಪೈಸೆಗೆ ತಲುಪಿತು. ಕಂಪನಿಗಳು ಕಚ್ಚಾ ತೈಲದ ಇಳಿಕೆಯನ್ನು ಈ ಸುಂಕಕ್ಕೆ ಹೊಂದಿಸಿಕೊಂಡವು, ಗ್ರಾಹಕರಿಗೆ ಏನೂ ಉಳಿಯಲಿಲ್ಲ. ಜೂನ್‌ನಲ್ಲಿ ಕಚ್ಚಾ ತೈಲ ಚೇತರಿಸಿಕೊಂಡಾಗ ಸುಮಾರು ಮೂರು ವಾರ ದಿನವೂ ದರ ಏರಿತು.

2020-21ರಲ್ಲಿ ಪೆಟ್ರೋಲ್ ಮತ್ತು ಡೀಸೆಲ್‌ನಿಂದ ಕೇಂದ್ರಕ್ಕೆ ಬಂದ ಸುಂಕ 3.35 ಲಕ್ಷ ಕೋಟಿ ರೂಪಾಯಿ ಎಂದು ಸಂಸತ್ತಿಗೆ ಸರ್ಕಾರವೇ ತಿಳಿಸಿತು. ಹಿಂದಿನ ವರ್ಷ ಅದು 1.78 ಲಕ್ಷ ಕೋಟಿ ಇತ್ತು. ಲಾಕ್‌ಡೌನ್ ವರ್ಷದಲ್ಲಿ ಬೇರೆ ಆದಾಯ ಬತ್ತಿದ್ದಾಗ ಆಸ್ಪತ್ರೆ, ಪಡಿತರಗಳಿಗೆ ಹಣ ಬೇಕಿತ್ತು ಎಂಬುದು ಸರ್ಕಾರದ ಸಮರ್ಥನೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ನಂತರ 2021ರ ನವೆಂಬರ್‌ನಲ್ಲಿ 5 ರೂಪಾಯಿ, 2022ರ ಮೇನಲ್ಲಿ 8 ರೂಪಾಯಿ ಪೆಟ್ರೋಲ್ ಸುಂಕ ಇಳಿಯಿತು. 2025ರ ಏಪ್ರಿಲ್‌ನಲ್ಲಿ ಮತ್ತೆ 2 ರೂಪಾಯಿ ಏರಿತು. ಆ ಬಾರಿ ಹೊರೆಯನ್ನು ಕಂಪನಿಗಳೇ ಹೊತ್ತವು, ಬಂಕ್ ಬೆಲೆ ಏರಲಿಲ್ಲ. ಆದರೆ ಅಗ್ಗದ ಕಚ್ಚಾ ತೈಲದಿಂದ ಆಗಬಹುದಿದ್ದ ಇಳಿಕೆ ಆಗಲೂ ನಮಗೆ ಸಿಗಲಿಲ್ಲ.

ರಾಜ್ಯದ ಪಾತ್ರ ಎಷ್ಟು? ತಲಪಾಡಿಯಲ್ಲಿ ನೋಡಿ

ತೆರಿಗೆಯಿಂದ ಬೆಲೆ ಎಷ್ಟು ಬದಲಾಗುತ್ತದೆ ಎಂದು ತಿಳಿಯಲು ಗಡಿಗೆ ಹೋದರೆ ಸಾಕು. ಕಾಸರಗೋಡಿನ ಕಡೆಯಿಂದ ಬರುವವರು ತಲಪಾಡಿ ದಾಟಿ ಮಂಗಳೂರಿನ ಕಡೆ ಪೆಟ್ರೋಲ್ ಹಾಕಿಸಿಕೊಳ್ಳುತ್ತಾರೆ, ಏಕೆಂದರೆ ಕೇರಳಕ್ಕಿಂತ ಇಲ್ಲಿ ಅಗ್ಗ. ಕಾರವಾರದ ಕಡೆಯವರು ಗೋವಾಕ್ಕೆ ಹೋದಾಗ ಟ್ಯಾಂಕ್ ತುಂಬಿಸಿಕೊಂಡು ಬರುತ್ತಾರೆ, ಏಕೆಂದರೆ ಅಲ್ಲಿ ಇನ್ನೂ ಅಗ್ಗ. ಕಂಪನಿ ಅದೇ, ಪೆಟ್ರೋಲ್ ಅದೇ, ಕೇಂದ್ರದ ಸುಂಕವೂ ಅದೇ. ಮುಖ್ಯವಾಗಿ ಬದಲಾಗಿರುವುದು ರಾಜ್ಯದ ತೆರಿಗೆ.

ಕರ್ನಾಟಕದಲ್ಲಿ 2021ರ ನವೆಂಬರ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 35ರಿಂದ ಸುಮಾರು ಶೇ 26ಕ್ಕೆ ಇಳಿಸಲಾಯಿತು. 2024ರ ಜೂನ್ 15ರಂದು ಅದು ಶೇ 25.92ರಿಂದ ಶೇ 29.84ಕ್ಕೆ ಏರಿತು, ಬೆಂಗಳೂರಿನಲ್ಲಿ ಲೀಟರ್‌ಗೆ ಸುಮಾರು 3 ರೂಪಾಯಿ ಹೆಚ್ಚಾಯಿತು. 2025ರ ಏಪ್ರಿಲ್ 1ರಂದು ಡೀಸೆಲ್ ಮೇಲಿನ ತೆರಿಗೆ ಶೇ 21.17 ಆಯಿತು, ಸುಮಾರು 2 ರೂಪಾಯಿ ಹೆಚ್ಚಾಯಿತು. ಈ ಏರಿಕೆಗಳಿಗೆ ತೈಲ ಕಂಪನಿಗಳು ಕಾರಣವಲ್ಲ.

"ಕೇಂದ್ರಕ್ಕೆ ಹೋದ ಸುಂಕದಲ್ಲಿ ರಾಜ್ಯಕ್ಕೆ 41 ಪಾಲು ವಾಪಸ್ ಬರುತ್ತದೆ" ಎಂಬ ಸಂದೇಶವನ್ನೂ ನೋಡಿರುತ್ತೀರಿ. ಹಂಚಿಕೆಯಾಗುವುದು ಮೂಲ ಅಬಕಾರಿ ಸುಂಕ ಮಾತ್ರ. ಪೆಟ್ರೋಲ್‌ನ 21 ರೂಪಾಯಿ 90 ಪೈಸೆಯಲ್ಲಿ ಅದು 2025ರ ಮಧ್ಯದಲ್ಲಿ 1 ರೂಪಾಯಿ 40 ಪೈಸೆ ಇತ್ತು. ಅದರ ಶೇ 41 ಎಂದರೆ ಎಲ್ಲ ರಾಜ್ಯಗಳಿಗೂ ಸೇರಿ 57 ಪೈಸೆ. ಉಳಿದದ್ದು ಸೆಸ್ ಮತ್ತು ವಿಶೇಷ ಸುಂಕಗಳು, ಅವು ರಾಜ್ಯಗಳಿಗೆ ಹಂಚಿಕೆಯಾಗುವುದಿಲ್ಲ.

ಇನ್ನು ಕೆಲವು ಸಂದೇಶಗಳು, ಅವುಗಳ ನಿಜ

"ರಷ್ಯಾ ಅಗ್ಗದ ತೈಲ ಕೊಟ್ಟರೂ ನಮಗೆ ಪ್ರಯೋಜನವಾಗಲಿಲ್ಲ." ಬಹುಮಟ್ಟಿಗೆ ಸರಿ. 2022ರವರೆಗೆ ರಷ್ಯಾದಿಂದ ನಾವು ಕೊಳ್ಳುತ್ತಿದ್ದದ್ದು ಅತಿ ಕಡಿಮೆ. ನಂತರ ಅದು ನಮ್ಮ ಆಮದಿನ ಮೂರನೇ ಒಂದು ಭಾಗವನ್ನೂ ದಾಟಿತು. ಆ ರಿಯಾಯಿತಿ ಸರ್ಕಾರಿ ಮತ್ತು ಖಾಸಗಿ ಸಂಸ್ಕರಣಾಗಾರಗಳ ಲಾಭವನ್ನು ಹೆಚ್ಚಿಸಿತು. ಯುದ್ಧದ ಕಾಲದಲ್ಲಿ ಬೆಲೆ ಇನ್ನೂ ಏರದಂತೆ ತಡೆಯಲು ಅದು ನೆರವಾಯಿತು ಎನ್ನಬಹುದು, ಬಂಕ್‌ನಲ್ಲಿ ಇಳಿಕೆಯಾಗಿ ಮಾತ್ರ ಕಾಣಲಿಲ್ಲ.

"ಎಥೆನಾಲ್ ಬೆರೆಸಿದರೆ ಪೆಟ್ರೋಲ್ ಅಗ್ಗವಾಗಬೇಕು." ಎಥೆನಾಲ್ ಅಗ್ಗವಾಗಿದ್ದರೆ ತಾನೆ? 2024-25ರ ಸಾಲಿಗೆ ಮೆಕ್ಕೆಜೋಳದ ಎಥೆನಾಲ್‌ಗೆ ನಿಗದಿಯಾದ ದರ ಲೀಟರ್‌ಗೆ 71 ರೂಪಾಯಿ 86 ಪೈಸೆ. ತೆರಿಗೆ ಸೇರುವ ಮುನ್ನ ಪೆಟ್ರೋಲ್ ಬೆಲೆ 2025ರ ಮಧ್ಯದಲ್ಲಿ 54 ರೂಪಾಯಿಯಷ್ಟಿತ್ತು. ಹಾಗಾಗಿ ಬೆರಕೆಯಿಂದ ಬೆಲೆ ಇಳಿಯುವುದನ್ನು ನಿರೀಕ್ಷಿಸುವಂತಿಲ್ಲ. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಶಕ್ತಿಯೂ ಕಡಿಮೆ, ಮೈಲೇಜ್ ಸ್ವಲ್ಪ ಇಳಿಯುತ್ತದೆ. ಅದರ ಲಾಭ ಇರುವುದು ಆಮದು ಕಡಿಮೆಯಾಗುವುದರಲ್ಲಿ ಮತ್ತು ಕಬ್ಬು, ಜೋಳ ಬೆಳೆಗಾರರಿಗೆ ಮಾರುಕಟ್ಟೆ ಸಿಗುವುದರಲ್ಲಿ.

"ಹಳೆಯ ತೈಲ ಬಾಂಡ್‌ಗಳ ಸಾಲ ತೀರಿಸಲು ತೆರಿಗೆ ಹಾಕಲಾಗಿದೆ." ಬಾಂಡ್‌ಗಳು ಇದ್ದದ್ದು ನಿಜ. 2005ರಿಂದ 2010ರ ನಡುವೆ ಅಂದಿನ ಕೇಂದ್ರ ಸರ್ಕಾರ ಕಂಪನಿಗಳಿಗೆ ನಗದಿನ ಬದಲು ಬಾಂಡ್ ಕೊಟ್ಟಿತ್ತು. 2014ರಲ್ಲಿ ಉಳಿದಿದ್ದ ಅಸಲು ಸುಮಾರು 1.3 ಲಕ್ಷ ಕೋಟಿ, ಬಡ್ಡಿ ವರ್ಷಕ್ಕೆ 10,000 ಕೋಟಿಯ ಆಸುಪಾಸು. ಆದರೆ 2020-21ರ ಒಂದೇ ವರ್ಷದ ಸುಂಕ 3.35 ಲಕ್ಷ ಕೋಟಿ. ಅಸಲಿನ ಎರಡು ಪಟ್ಟಿಗಿಂತಲೂ ಹೆಚ್ಚು. ಬಾಂಡ್ ಒಂದು ಹೊರೆ ಹೌದು, ಇಷ್ಟು ತೆರಿಗೆಗೆ ಅದೊಂದೇ ಕಾರಣವಾಗಲಾರದು.

"ಜಿಎಸ್‌ಟಿಗೆ ತಂದರೆ ಪೆಟ್ರೋಲ್ 70 ರೂಪಾಯಿ." ಲೆಕ್ಕ ಮಾಡಿ ನೋಡಬಹುದು. ಕಂಪನಿಯ 54 ಮತ್ತು ಬಂಕ್‌ನ 4 ಸೇರಿ 58 ರೂಪಾಯಿ. ಶೇ 18 ಜಿಎಸ್‌ಟಿ ಹಾಕಿದರೆ ಸುಮಾರು 68, ಶೇ 40 ಹಾಕಿದರೆ ಸುಮಾರು 81. ಬೆಲೆ ಇಳಿಯುವುದು ಖಂಡಿತ. ಆದರೆ ಶೇ 18ರಲ್ಲಿ ಸರ್ಕಾರಗಳಿಗೆ ಸಿಗುವುದು 45ರ ಬದಲು ಹತ್ತು ರೂಪಾಯಿ ಚಿಲ್ಲರೆ. ಉಳಿದದ್ದನ್ನು ಬೇರೆ ಕಡೆ ವಸೂಲಿ ಮಾಡಬೇಕು, ಇಲ್ಲವೇ ಖರ್ಚು ಕಡಿಮೆ ಮಾಡಬೇಕು. 2021ರ ಸೆಪ್ಟೆಂಬರ್‌ನಲ್ಲಿ ಲಖನೌದಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಇದಕ್ಕೆ ಇನ್ನೂ ಕಾಲ ಬಂದಿಲ್ಲ ಎಂದು ಬದಿಗಿಟ್ಟಿತು.

"ಒಂದು ದಿನ ಯಾರೂ ಪೆಟ್ರೋಲ್ ಹಾಕಿಸದಿದ್ದರೆ ಕಂಪನಿಗಳು ಮಣಿಯುತ್ತವೆ." ಇದು ಅಮೆರಿಕದ ಹಳೆಯ ಸರಕು. ಅಲ್ಲಿ 1999ರ ಏಪ್ರಿಲ್ 30ರಂದು ಬಂಕ್‌ಗಳಿಗೆ ಹೋಗಬೇಡಿ ಎಂದು ಇಮೇಲ್‌ಗಳು ಹರಿದಾಡಿದ್ದವು. ಇಂದು ಹಾಕಿಸದವರು ನಾಳೆ ಹಾಕಿಸುತ್ತಾರೆ, ಹಿಂದಿನ ದಿನವೇ ತುಂಬಿಸಿಟ್ಟಿರುತ್ತಾರೆ. ಗಾಡಿ ಓಡಿಸುವುದನ್ನು ಕಡಿಮೆ ಮಾಡದೆ ಬಳಕೆ ಕಡಿಮೆಯಾಗುವುದಿಲ್ಲ.

ಅಮೆರಿಕದಲ್ಲೂ ಕಂಪನಿಗಳನ್ನೇ ಬೈಯುತ್ತಾರಲ್ಲ?

ಬೈಯುತ್ತಾರೆ. ಆದರೆ ಅಲ್ಲಿನ ಬೆಲೆಯ ರಚನೆಯೇ ಬೇರೆ. ಅಮೆರಿಕದ ಕೇಂದ್ರ ಸರ್ಕಾರದ ತೆರಿಗೆ ಗ್ಯಾಲನ್‌ಗೆ, ಅಂದರೆ ಸುಮಾರು 3.8 ಲೀಟರ್‌ಗೆ, 18.4 ಸೆಂಟ್. 1993ರಿಂದ ಅದು ಬದಲಾಗಿಲ್ಲ. ತೆರಿಗೆ ಕಡಿಮೆ ಇರುವುದರಿಂದ ಕಚ್ಚಾ ತೈಲದ ಏರಿಳಿತ ಅಲ್ಲಿ ನೇರವಾಗಿ ಬಂಕ್‌ನಲ್ಲಿ ಕಾಣುತ್ತದೆ. ಬೆಲೆ ಏರುವುದೂ ಬೇಗ, ಇಳಿಯುವುದೂ ಉಂಟು. ಕಂಪನಿಗಳೂ ಖಾಸಗಿಯವು. 2022ರ ಜೂನ್‌ನಲ್ಲಿ ಗ್ಯಾಲನ್ ಬೆಲೆ ಮೊದಲ ಬಾರಿಗೆ 5 ಡಾಲರ್ ದಾಟಿತು. ಅದೇ ವರ್ಷ ಎಕ್ಸಾನ್‌ಮೊಬಿಲ್ ಕಂಪನಿ ಸುಮಾರು 56 ಬಿಲಿಯನ್ ಡಾಲರ್ ಲಾಭ ಮಾಡಿತು, ಅಧ್ಯಕ್ಷರಾಗಿದ್ದ ಜೋ ಬೈಡನ್ ಕಂಪನಿಗಳನ್ನು ಬಹಿರಂಗವಾಗಿ ಟೀಕಿಸಿದರು. ಆದರೆ 2005ರ ಕತ್ರಿನಾ ಚಂಡಮಾರುತದ ನಂತರ ಬೆಲೆ ಏರಿದಾಗ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ತನಿಖೆ ನಡೆಸಿ, ಕಾನೂನುಬಾಹಿರವಾಗಿ ಮಾರುಕಟ್ಟೆಯನ್ನು ತಿರುಚಿದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ ಎಂದು 2006ರಲ್ಲಿ ವರದಿ ಕೊಟ್ಟಿತ್ತು.

ಅಲ್ಲಿನ ವಿಡಿಯೊಗೆ ಕನ್ನಡ ಶೀರ್ಷಿಕೆ ಅಂಟಿಸಿ ಕಳುಹಿಸಿದರೆ ಅದು ನಮ್ಮ ಬಂಕ್‌ನ ಕಥೆಯಾಗುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ ನಾಲ್ಕು ಪ್ರಶ್ನೆ

1. ಕಚ್ಚಾ ತೈಲದ ಬೆಲೆ ಡಾಲರ್‌ನಲ್ಲಿದೆಯೇ, ರೂಪಾಯಿಯಲ್ಲಿದೆಯೇ? ಎರಡೂ ವರ್ಷದ ಡಾಲರ್ ದರ ಕೊಟ್ಟಿದ್ದಾರೆಯೇ?
2. ಹೋಲಿಕೆ ಒಂದೇ ಊರಿನದೇ? ದೆಹಲಿಯ ಹಳೆಯ ಬೆಲೆಯನ್ನು ಬೆಂಗಳೂರಿನ ಹೊಸ ಬೆಲೆಗೆ ಹೋಲಿಸುವುದು ತಪ್ಪು.
3. ಕೇಂದ್ರದ ಸುಂಕ ಮತ್ತು ರಾಜ್ಯದ ತೆರಿಗೆ ಎರಡನ್ನೂ ತೋರಿಸಿದ್ದಾರೆಯೇ, ಅಥವಾ ತಮಗೆ ಆಗದವರದ್ದನ್ನು ಮಾತ್ರವೇ?
4. ದಿನಾಂಕ ಇದೆಯೇ? ಹಳೆಯ ಸಂದೇಶಗಳೇ ಮತ್ತೆ ಮತ್ತೆ ಬರುತ್ತಿರುತ್ತವೆ.

ಬೆಲೆಯ ಬಿಡಿ ಲೆಕ್ಕವನ್ನು ಪೆಟ್ರೋಲಿಯಂ ಸಚಿವಾಲಯದ ಪಿಪಿಎಸಿ ಎಂಬ ವಿಭಾಗ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಇಂಡಿಯನ್ ಆಯಿಲ್ ಕೂಡ ದೆಹಲಿ ದರದ ಲೆಕ್ಕ ಕೊಡುತ್ತದೆ. ಯಾರು ಬೇಕಾದರೂ ಮೊಬೈಲ್‌ನಲ್ಲೇ ನೋಡಬಹುದು.

ಕೊನೆಗೆ ತೀರ್ಪು ಏನು?

"ಪೆಟ್ರೋಲ್ ದುಬಾರಿಯಾಗಿರುವುದಕ್ಕೆ ತೈಲ ಕಂಪನಿಗಳೇ ಕಾರಣ" ಎಂಬುದು ಭಾಗಶಃ ಮಾತ್ರ ಸರಿ. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಅದರ ಬೆಲೆ ಮತ್ತು ಡಾಲರ್ ದರ ಕಂಪನಿಗಳ ಕೈಯಲ್ಲಿಲ್ಲ. 2025ರ ಮಧ್ಯದಲ್ಲಿ ನೂರು ರೂಪಾಯಿಯಲ್ಲಿ ನಲವತ್ತಕ್ಕೂ ಹೆಚ್ಚು ತೆರಿಗೆಯಿತ್ತು, ಅದು ಕೇಂದ್ರ ಮತ್ತು ರಾಜ್ಯ ಎರಡರದ್ದೂ. ಕಂಪನಿಗಳ ಲಾಭ ಸಾಮಾನ್ಯವಾಗಿ ಒಂದೆರಡು ರೂಪಾಯಿ, ಕೆಲವೊಮ್ಮೆ ಐದಾರು.

ಕಂಪನಿಗಳನ್ನು ಕೇಳಬೇಕಾದ ಪ್ರಶ್ನೆ: ಕಚ್ಚಾ ತೈಲ ಏರಿದಾಗ ದಿನವೂ ಏರುವ ದರ, ಇಳಿದಾಗ ಎರಡು ವರ್ಷ ಏಕೆ ಅಲುಗಾಡುವುದಿಲ್ಲ? ಸರ್ಕಾರಗಳನ್ನು ಕೇಳಬೇಕಾದದ್ದು: ಇಷ್ಟು ತೆರಿಗೆ ಏಕೆ, ಅದು ಎಲ್ಲಿಗೆ ಹೋಗುತ್ತಿದೆ? ಎರಡನೆಯ ಪ್ರಶ್ನೆಯನ್ನು ದೆಹಲಿಗೂ ಕೇಳಬೇಕು, ವಿಧಾನಸೌಧಕ್ಕೂ ಕೇಳಬೇಕು. ಮುಂದಿನ ಬಾರಿ ಇಂಥ ಸಂದೇಶ ಬಂದಾಗ ಸಿಟ್ಟಿನ ಜತೆ ಈ ಲೆಕ್ಕವನ್ನೂ ಸೇರಿಸಿ ಕಳುಹಿಸಿ.